ಎಂಜಿನ್ ಇಳಿಸದೆ ಚೇಂಬರ್ ಬಿಚ್ಚಿದಾಗ

ಬ್ಯಾಂಕಿನಿಂದ ನಿವೃತ್ತನಾಗಿ ಮಗನ ಮನೆಗೆಂದು ಪುಣೆಯ ಕೋಥರೂಡಕ್ಕೆ ಬಂದ ನನಗೆ ಇಲ್ಲಿ ಸಿಕ್ಕ ಹೊಸ ನೌಕರಿ ದುಭಾಷಿಯದು. ಸಂಬಳವಿಲ್ಲ, ವರ್ಗಾವಣೆಯೂ ಇಲ್ಲ. ಬೆಂಗಳೂರಿನಿಂದ ಹುಬ್ಬಳ್ಳಿ, ಬೆಳಗಾವಿ, ಕೊಲ್ಹಾಪುರ ದಾಟಿ ಬರುವ ಹೆದ್ದಾರಿ ನಮ್ಮ ಪಕ್ಕದ ಚಾಂದಣಿ ಚೌಕದಿಂದಲೇ ಮುಂಬಯಿಯತ್ತ ಹೋಗುತ್ತದೆ. ಹಾಗಾಗಿ ಕೆಎ ನಂಬರಿನ ಲಾರಿಗಳಿಗೆ ಇಲ್ಲಿ ಬರಗಾಲವಿಲ್ಲ. ಯಾವುದಾದರೂ ಕೆಟ್ಟು ನಿಂತರೆ ಗ್ಯಾರೇಜಿನ ಹುಡುಗ ಬಂದು "ಕಾಕಾ, ತುಮಚಾ ಮಾಣೂಸ್ ಆಲಾಯ್" ಎನ್ನುತ್ತಾನೆ. ಅಂದರೆ, ನಿಮ್ಮವರು ಬಂದಿದ್ದಾರೆ.

ಆ ಶ್ರಾವಣದಲ್ಲಿ ಬಂದವನು ಹಾವೇರಿ ಕಡೆಯ ಡ್ರೈವರ್. ಪೌಡ್ ರಸ್ತೆಯ ಗೋದಾಮಿಗೆ ಬ್ಯಾಡಗಿ ಮೆಣಸಿನಕಾಯಿ ಇಳಿಸಿ ಹೊರಟಾಗ ಲಾರಿಯ ಅಡಿಗೆ ಕಲ್ಲು ಬಡಿದು ಎಂಜಿನ್ನಿನ ಎಣ್ಣೆ ತೊಟ್ಟಿ ಸೀಳಿತ್ತು. ಗ್ಯಾರೇಜಿನವರು ಅದನ್ನು ಚೇಂಬರ್ ಎನ್ನುತ್ತಾರೆ. ಎಣ್ಣೆಯ ಕೆಂಪು ದೀಪ ಹತ್ತಿದ ಮೇಲೂ ಪುಣ್ಯಾತ್ಮ ಒಂದಿಷ್ಟು ದೂರ ಓಡಿಸಿದ್ದ.

"ಎಂಜಿನ್ ಇಳಸಬೇಕೇನ್ರಿ ಸರ? ಹಂಗಾದ್ರ ನನ್ನ ಕತಿ ಮುಗೀತು" ಅಂದ. ಅವನಿಗೆ ಮರಾಠಿ ಬಾರದು, ಹಿಂದಿಯೂ ಅಷ್ಟಕ್ಕಷ್ಟೆ. ನಾನು ಮಿಸ್ತ್ರಿಯನ್ನು ಕೇಳಿದೆ. ಇಳಿಸುವ ಅಗತ್ಯವಿಲ್ಲ ಅಂದ.

ಅವನ ಕೆಲಸ ನೋಡುವಂತಿತ್ತು. ಚಕ್ರಗಳಿಗೆ ಅಡ್ಡ ಕೊಟ್ಟ. ಬರೀ ಜಾಕನ್ನು ನಂಬದೆ ಚಾಸಿಯ ಕೆಳಗೆ ಗಟ್ಟಿ ಸ್ಟ್ಯಾಂಡ್ ಇಟ್ಟ. ಉಳಿದ ಎಣ್ಣೆ ಬಸಿದು ಸುತ್ತಲಿನ ಬೋಲ್ಟುಗಳನ್ನೆಲ್ಲ ಬಿಚ್ಚಿದ. ಆದರೂ ಚೇಂಬರ್ ಹೊರಬರಲಿಲ್ಲ. ಕೆಳಗೆ ಚಾಸಿಯ ಅಡ್ಡಪಟ್ಟಿ, ಒಳಗೆ ಎಣ್ಣೆ ಹೀರುವ ಪಂಪಿನ ಕೊಳವೆ, ಎರಡರ ನಡುವೆ ಸಿಕ್ಕಿಕೊಂಡಿತ್ತು. ಆಗ ಎಂಜಿನ್ ಕೂತಿರುವ ಮೌಂಟಿಂಗುಗಳನ್ನು ಸಡಿಲಿಸಿ, ಮೇಲಿಂದ ಸರಪಳಿ ಹಾಕಿ, ಫ್ಯಾನು ರೇಡಿಯೇಟರಿಗೆ ತಾಗದಂತೆ ನೋಡಿಕೊಳ್ಳುತ್ತ ಎರಡೇ ಇಂಚು ಎತ್ತಿದ. ಕ್ರ್ಯಾಂಕನ್ನು ಸ್ವಲ್ಪ ತಿರುಗಿಸಿ ಅದರ ಭಾರದ ತುಂಡುಗಳನ್ನು ಮೇಲೆ ಮಾಡಿದ. ಚೇಂಬರ್ ಹಿಂದಕ್ಕೆ ಜಾರಿ ಕೈಗೆ ಬಂತು.

ಅಲ್ಲಿಗೆ ಬೆಸುಗೆ ಹಾಕಿಸಿ, ಹೊಸ ಪ್ಯಾಕಿಂಗ್ ಕೂರಿಸಿ, ಬೋಲ್ಟುಗಳನ್ನು ಸಮನಾಗಿ ಬಿಗಿದರೆ ಕೆಲಸ ಮುಗಿಯಬೇಕಿತ್ತು. ಆದರೆ ಮಿಸ್ತ್ರಿ ತೊಟ್ಟಿಯ ತಳದ ಗಸಿಯನ್ನು ಬೆರಳಿಗೆ ಹಚ್ಚಿ ಬೆಳಕಿಗೆ ಹಿಡಿದ. ಮಿಣಮಿಣ ಹೊಳೆಯುವ ಚೂರುಗಳು. "ಕಾಕಾ, ಹ್ಯಾಲಾ ಸಾಂಗಾ, ಮೆಟಲ್ ಗೇಲಂಯ್." ಎಣ್ಣೆ ಇಲ್ಲದೆ ಬೇರಿಂಗ್ ಸವೆದಿದೆ, ಇವನಿಗೆ ಹೇಳಿ ಎಂದರ್ಥ. ಈಗ ಅಡಿ ತೆರೆದಿರುವುದರಿಂದ ಕೆಳಗಿನಿಂದಲೇ ಬದಲಿಸಬಹುದು. ಇನ್ನೊಂದು ದಿನ, ಇನ್ನಷ್ಟು ದುಡ್ಡು. ಹಾಗೇ ಮುಚ್ಚಿದರೆ ಖಂಬಾಟಕಿ ಘಾಟಿನಲ್ಲಿ ಕನೆಕ್ಟಿಂಗ್ ರಾಡ್ ಮುರಿದು ಎಂಜಿನ್ನೇ ಒಡೆದೀತು.

ಡ್ರೈವರನಿಗೆ ಭಾಷೆ ತಿಳಿಯದಿದ್ದರೂ ಮುಖ ತಿಳಿಯಿತು. ನನ್ನನ್ನು ಪಕ್ಕಕ್ಕೆ ಕರೆದ. "ಸರ, ನಾಡಿದ್ದು ಪಂಚಮಿ. ಮಾಲೀಕರು ಫೋನ್ ಮಾಡ್ಯಾರ, ಎಲ್ಲಾ ಸರಿ ಐತಿ ಅಂತ ನೀವs ಹೇಳಿಬಿಡ್ರಿ. ದೀಪ ಹತ್ತಿದ ಮ್ಯಾಲೂ ಓಡಿಸೀನಿ ಅಂತ ಗೊತ್ತಾದ್ರ ಪಗಾರದಾಗ ಹಿಡೀತಾರ."

ಮಾಲೀಕನಿಗೆ ಬೇಕಾದದ್ದೂ ಅದೇ ಮಾತು. ಈ ಇಬ್ಬರಿಗೂ ಇಷ್ಟವಾಗುವ ಸುಳ್ಳು ನನ್ನ ನಾಲಿಗೆಯ ತುದಿಯಲ್ಲಿತ್ತು, ಅದನ್ನು ಹಿಡಿಯುವವರು ಯಾರೂ ಇರಲಿಲ್ಲ. ಪರಊರಿನಲ್ಲಿ ಇರುವವನಿಗೆ ಸಿಗುವ ವಿಚಿತ್ರ ಅಧಿಕಾರ ಇದು. ಎರಡೂ ಕಡೆಯ ಮಾತು ನಮ್ಮ ಮೂಲಕವೇ ಹಾಯಬೇಕು. ಎಷ್ಟು ದಾಟಿಸಬೇಕೆಂದು ನಾವೇ ತೀರ್ಮಾನಿಸಬಹುದು, ಅದನ್ನು ದಯೆ ಎಂದೂ ಕರೆಯಬಹುದು.

ನನಗೆ ನೆನಪಾದದ್ದು ಹಳೆಯ ಒಂದು ಗೋದಾಮು. ಅಡವಿಟ್ಟ ಚೀಲಗಳನ್ನು ಎಣಿಸಲು ಹೋಗಿದ್ದೆ. ಮುಂದಿನ ಸಾಲು ಭರ್ತಿಯಿತ್ತು, ಹಿಂದಿನ ಚೀಲಗಳು ಕೈ ಇಟ್ಟರೆ ಒಳಗೆ ಹೋದವು. ಅವತ್ತು ಸಾಲಗಾರನ ಮನೆಯಲ್ಲಿ ಮದುವೆ. ಮುಂದಿನ ತಿಂಗಳು ನೋಡೋಣವೆಂದು ಸಹಿ ಹಾಕಿ ಬಂದೆ. ಸಾಲ ಮುಳುಗಿತು. ನನಗೇನೂ ಆಗಲಿಲ್ಲ. ಕೆಲಸ ಹೋದದ್ದು ಗೋದಾಮಿನ ಕಾವಲುಗಾರನದು. ನನ್ನ ದಯೆಯ ಬೆಲೆ ಕೊಟ್ಟವನು ಅವನು.

ಫೋನ್ ಬಂದಾಗ ಮಿಸ್ತ್ರಿ ಹೇಳಿದ್ದನ್ನು ಇದ್ದ ಹಾಗೆ ಹೇಳಿದೆ. ದೀಪದ ವಿಷಯ ಅವರು ಕೇಳಿದರು, ಅದನ್ನೂ ಹೇಳಿದೆ. ಪಗಾರದಿಂದ ಹಿಡಿಯಬೇಡಿ ಎಂದು ನನ್ನ ಪರವಾಗಿ ಬೇಡಿಕೊಂಡೆ. "ಅದು ನಿಮಗ್ಯಾಕ್ರೀ?" ಅಂದರು. ಕೊನೆಗೆ ಬೇರಿಂಗ್ ಹಾಕಿಸಲು ಒಪ್ಪಿದರು.

ಬಿಚ್ಚಿ ನೋಡಿದರೆ ಬೇರಿಂಗಿನ ಮೇಲ್ಪದರ ಸವೆದು ತಾಮ್ರ ಕಾಣುತ್ತಿತ್ತು. ನಾನು ಮಾಡಿದ್ದೇ ಸರಿ ಎಂದು ಬೀಗಲು ಇಷ್ಟು ಸಾಕು. ಆದರೆ ಬೇರಿಂಗ್ ಚೆನ್ನಾಗಿಯೇ ಇದ್ದಿದ್ದರೂ ನಾನು ಹೇಳಲೇಬೇಕಿತ್ತು ಅನಿಸುತ್ತದೆ. ಅಪಾಯ ಅವನದು, ಅದನ್ನು ಅವನಿಗೆ ತಿಳಿಸದೆ ಅವನ ಪರವಾಗಿ ಒಪ್ಪಿಕೊಳ್ಳಲು ನಾನು ಯಾರು? ಎಂಜಿನ್ ಇಳಿಸದೆ ಕೆಲಸ ಮುಗಿಸುವುದು ಜಾಣತನ, ತಪ್ಪೇನಿಲ್ಲ. ಆದರೆ ಎರಡು ಇಂಚು ಎತ್ತಿದಾಗ ಕಂಡದ್ದನ್ನು ಕಾಣಲಿಲ್ಲವೆನ್ನಲು ಬರುವುದಿಲ್ಲ.

ಡ್ರೈವರ್ ಪಂಚಮಿಯ ದಿನ ಇಲ್ಲೇ ಇದ್ದ. ನನ್ನ ಹೆಂಡತಿ ಕೊಟ್ಟ ಶೇಂಗಾ ಉಂಡೆಯನ್ನು ತೆಗೆದುಕೊಂಡ, ನನ್ನ ಮುಖ ನೋಡಲಿಲ್ಲ. ಸಂಜೆ ಹೇಳದೇ ಹೋದ. ಅವನ ಪಗಾರದಲ್ಲಿ ಹಿಡಿದರೋ ಬಿಟ್ಟರೋ ತಿಳಿಯಲಿಲ್ಲ. ಸತ್ಯ ಹೇಳಿದವನಿಗೆ ನೆಮ್ಮದಿ ಸಿಗುತ್ತದೆ ಎನ್ನುತ್ತಾರೆ. ನನಗೆ ಅಷ್ಟೇನೂ ಸಿಗಲಿಲ್ಲ. ಆದರೆ ಗೋದಾಮಿನ ಆ ಚೀಲಗಳು ಅವತ್ತು ರಾತ್ರಿ ಕನಸಿಗೆ ಬರಲಿಲ್ಲ.