ಮೀಟರಿನ ಸಾಕ್ಷ್ಯ

1 ಲಕ್ಷ ಕಿಲೋಮೀಟರ್ ಓಡಿದ ನಿಮ್ಮ ಕಾರಿನ ಮೀಟರ್ ಕೆಟ್ಟಿತೆನ್ನಿ. ಗುಜರಿಯಿಂದ ಬೇರೊಂದನ್ನು ತಂದು ಹಾಕಿಸಿದರೆ ಅದು 40 ಸಾವಿರ ತೋರಿಸಬಹುದು. ಅನೇಕ ಕಾರುಗಳಲ್ಲಿ ಓಡಿದ ದೂರದ ಲೆಕ್ಕವಿರುವುದು ಮೀಟರಿನೊಳಗಿನ ಚಿಪ್‌ನಲ್ಲೇ. “ನಾನೇನೂ ತಿದ್ದಲಿಲ್ಲವಲ್ಲ” ಎಂದು ಸುಮ್ಮನಿದ್ದು ಕಾರನ್ನು ಮಾರಬಹುದೇ?

ಮದೀನಾದ ಪೇಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈಯಿಟ್ಟ ಪ್ರವಾದಿವರ್ಯರ(ಸ) ಬೆರಳುಗಳಿಗೆ ತೇವ ತಾಗಿತು. ಮಳೆಗೆ ನೆನೆಯಿತೆಂದ ವ್ಯಾಪಾರಿ. ನೆನೆಸಿದವನು ಅವನಲ್ಲ, ನಿಜ. ಆದರೆ ಒದ್ದೆ ಕಾಳನ್ನು ಜನರಿಗೆ ಕಾಣುವಂತೆ ಮೇಲಿಡಲಿಲ್ಲವೇಕೆಂದು ಕೇಳಿದ ಪ್ರವಾದಿ(ಸ), ವಂಚಿಸುವವನು ತಮ್ಮವನಲ್ಲವೆಂದು ಎಚ್ಚರಿಸಿದರು. ಮರೆಮಾಚುವ ಮೌನವೂ ವಂಚನೆಯೇ.

ಹೊಸ ಮೀಟರಿಗೆ ನಿಜವಾದ ಅಂಕಿಯನ್ನು ತುಂಬಿಸುವುದು ತಪ್ಪಲ್ಲ, ಕರ್ತವ್ಯ. ಅದು ಸಾಧ್ಯವಾಗದಿದ್ದರೆ? ಅಮೆರಿಕದ ಕಾನೂನಿನ ಪ್ರಕಾರ ಮೀಟರನ್ನು ಸೊನ್ನೆಗಿಳಿಸಿ, ಹಳೆಯ ಅಂಕಿಯನ್ನೂ ಬದಲಿಸಿದ ದಿನಾಂಕವನ್ನೂ ಬರೆದು ಎಡಬಾಗಿಲಿನ ಚೌಕಟ್ಟಿಗೆ ಅಂಟಿಸಬೇಕು. ನೀವೂ ಅವನ್ನು ಬರೆದಿಟ್ಟು, ಗ್ಯಾರೇಜಿನ ಬಿಲ್ಲಿನೊಂದಿಗೆ ಕೊಳ್ಳುವವರ ಕೈಗೆ ಕೊಡಿರಿ. ಟೈಮಿಂಗ್ ಬೆಲ್ಟ್ ಬದಲಿಸುವ ಕಾಲವನ್ನೂ ಅವರು ಆ ಅಂಕಿಯಿಂದಲೇ ಅರಿಯುವರು.

ಬೆಲೆ ಕಡಿಮೆಯಾದೀತು. ಆದರೆ ತಿಳಿಯದೆ ಹೆಚ್ಚು ಕೊಟ್ಟವರ ಹಣ ನಿಮ್ಮ ಮಕ್ಕಳ ಅನ್ನಕ್ಕೆ ಸೇರದು. ಬರಕತ್ ಇರುವುದು ಅಂತಹ ಸಂಪಾದನೆಯಲ್ಲೇ ಅಲ್ಲವೇ?