ಬಾರದ ಸಾಲಿನ ಲೆಕ್ಕ

ಮಳೆಯ ಪ್ರತಿ ದಾಖಲೆಗೂ ಎರಡು ಹೊತ್ತು. ಮಳೆ ಬಿದ್ದ ಹೊತ್ತು ಒಂದು, ಆ ಅಂಕಿ ನಮ್ಮ ಸರ್ವರ್ ಮುಟ್ಟಿದ ಹೊತ್ತು ಇನ್ನೊಂದು. ಇವೆರಡರ ಅಂತರವನ್ನು ಲಾಗ್ ಮಾಡಿ ಗ್ರಾಫ್ ಹಾಕೋದು ನನ್ನ ಕೆಲಸ. ಕೇಳೋಕೆ ಒಣ ಕೆಲಸ. ಆದರೆ ಯಾರ ಕಾಯುವಿಕೆಯನ್ನು ಎಣಿಸಬೇಕು, ಯಾರದನ್ನು ಬಿಡಬಹುದು ಅನ್ನೋ ಪ್ರಶ್ನೆ ಇದರೊಳಗೇ ಕೂತಿದೆ.

ಹಿಂದೆ ಇಷ್ಟು ತಲೆನೋವಿರಲಿಲ್ಲ. ಬೆಳಗ್ಗೆ 8.30ಕ್ಕೆ ಮಳೆಮಾಪಕ ನೋಡಿ ಬರೆದರೆ ದಿನದ ಲೆಕ್ಕ ಮುಗೀತು. ಈಗ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಟೆಲಿಮೆಟ್ರಿಕ್ ಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲೇ ಇವೆ. 15 ನಿಮಿಷಕ್ಕೊಂದು ಅಂಕಿ ಅಂದರೆ ಒಂದು ಮಾಪಕಕ್ಕೆ ದಿನಕ್ಕೆ 96 ಸಾಲು.

ಒಂದು ಊಹೆಯ ಲೆಕ್ಕ ನೋಡಿ. ನೂರು ಸಾಲುಗಳಲ್ಲಿ 99 ಸಾಲು ತಲಾ 2 ಸೆಕೆಂಡಿಗೆ ಬಂದವು, ಒಂದು ಮಾತ್ರ 3 ಗಂಟೆ ತಡ. ಸರಾಸರಿ ವಿಳಂಬ ಸುಮಾರು 110 ಸೆಕೆಂಡ್. ಎರಡು ನಿಮಿಷವೂ ಇಲ್ಲ, ಪರವಾಗಿಲ್ಲ ಅನ್ನಿಸುತ್ತೆ. ಆದರೆ ಆ 110 ಸೆಕೆಂಡ್ ಯಾರೂ ಕಾದಿಲ್ಲ! ಸರಾಸರಿ ಬಿಟ್ಟು ಮಧ್ಯದ ಮೌಲ್ಯ ತಗೊಂಡ್ರೆ 2 ಸೆಕೆಂಡ್, ಇನ್ನೂ ಚೆಂದ. ಸಿಸ್ಟಂ ಹೇಗಿದೆ ಅಂತ ತಿಳಿಯೋಕೆ ಅದು ಬೇಕು, ಒಪ್ತೀನಿ. ಮೂರು ಗಂಟೆ ಕಾದವನಿಗೆ ಅದರಲ್ಲಿ ಜಾಗವಿಲ್ಲ ಅಷ್ಟೆ.

ಆ ಮೂರು ಗಂಟೆಯಿಂದ ಏನಾಗುತ್ತೆ? ಹೊಲದಲ್ಲಿ ನಿಂತವರಿಗೆ ಮಳೆ ಬಂದದ್ದು ನಮಗಿಂತ ಮೊದಲೇ ಗೊತ್ತು. ತೊಂದರೆ ಇರೋದು ಕೆಳಗಿನವರಿಗೆ. ಜಯಮಂಗಲಿ ಹುಟ್ಟೋದು ದೇವರಾಯನದುರ್ಗದಲ್ಲಿ, ಕೊರಟಗೆರೆ ದಾಟಿ ಮಧುಗಿರಿ ಸೀಮೆಗೆ ಇಳಿಯುತ್ತೆ. ವರ್ಷವೆಲ್ಲ ಮರಳು ತೋರಿಸುವ ಹೊಳೆ ಅದು. ಮೇಲೆ ಜೋರು ಮಳೆ ಬಿದ್ದ ರಾತ್ರಿ, ಕೆಳಗೆ ಹೊಳೆ ದಾಟಬೇಕಾದವನಿಗೆ ಆ ಒಂದೇ ಸಾಲು ಮುಖ್ಯ, ಉಳಿದ 99 ಅಲ್ಲ.

ಇದಕ್ಕಿಂತ ಕೆಟ್ಟದ್ದು, ಬಾರದೇ ಹೋದ ಸಾಲು. ತಲುಪಿದ ಸಾಲುಗಳ ವಿಳಂಬವನ್ನಷ್ಟೇ ಎಣಿಸಿದರೆ, ಸದಾ ತಡಮಾಡುವ ಮಾಪಕ ಪೂರ್ತಿ ಕೆಟ್ಟು ನಿಂತ ದಿನ ಗ್ರಾಫ್ ಇನ್ನಷ್ಟು ಸುಂದರವಾಗುತ್ತೆ. ಸತ್ತವರು ತಕರಾರು ಮಾಡಲ್ಲ ನೋಡಿ.

ಖಾಲಿ ಜಾಗಕ್ಕೆ ಯಾವುದೋ ಪ್ರೋಗ್ರಾಂ 0 ತುಂಬಿಬಿಟ್ಟರಂತೂ ಮುಗೀತು. ಜುಲೈನಲ್ಲಿ ಆಗುಂಬೆಗೆ ವಾರಪೂರ್ತಿ 0 ಬಂದರೆ ಯಾರಾದರೂ ತಕ್ಷಣ ಫೋನ್ ಮಾಡ್ತಾರೆ, ಮಾಪಕ ಕೆಟ್ಟಿದೆ ಅಂತ. ಅದೇ 0 ಪಾವಗಡದ್ದೋ ಶಿರಾದ್ದೋ ಆದರೆ? ಪಾವಗಡ ತಾನೆ, ಮಳೆ ಎಲ್ಲಿ ಬರುತ್ತೆ ಅಂದುಕೊಂಡು ಮುಂದಕ್ಕೆ ಹೋಗ್ತೀವಿ. ಬರದ ಸೀಮೆ ಅನ್ನೋ ಹೆಸರೇ ಅಲ್ಲಿ ಬಿದ್ದ ಮಳೆಯನ್ನು ಮುಚ್ಚಿಡಬಲ್ಲದು. ನಾನು ಆ ಕಡೆಯವನೇ ಆದ್ದರಿಂದ ಇದು ಸ್ವಲ್ಪ ಜಾಸ್ತಿ ಚುಚ್ಚುತ್ತೆ ಅಂತಿಟ್ಟುಕೊಳ್ಳಿ. ಆದರೂ ಯಾರ ಅಂಕಿಯನ್ನು ಅನುಮಾನಿಸಬೇಕು, ಯಾರದ್ದನ್ನು ಸುಮ್ಮನೆ ನಂಬಬೇಕು ಅನ್ನೋದನ್ನ ನಮ್ಮ ಹಳೇ ಅಭಿಪ್ರಾಯವೇ ತೀರ್ಮಾನ ಮಾಡೋದು ನ್ಯಾಯವಲ್ಲ.

ದಿನಕ್ಕೆ 96 ಸಾಲು ಬರಬೇಕು ಅಂತ ಮೊದಲೇ ಗೊತ್ತಿದೆಯಲ್ಲ. ಹಾಗಾಗಿ ಸಾಲು ಬಂದಾಗಲ್ಲ, ಬರಬೇಕಾದ ನಿಮಿಷದಿಂದಲೇ ನನ್ನ ಗಡಿಯಾರ ಶುರು. ಬರುವ ತನಕ ಆ ಗೆರೆ ಬೆಳೀತಾನೇ ಹೋಗುತ್ತೆ. ಮಾಪಕಕ್ಕೊಂದು ಗೆರೆ, ತಾಲ್ಲೂಕಿಗೊಂದಲ್ಲ. ನೋಡೋಕೆ ಅಸಹ್ಯವಾಗಿರುತ್ತೆ, ಒಂದು ಸ್ಲೈಡಿನಲ್ಲಿ ಹಿಡಿಸಲ್ಲ ಅಂತ ಟೀಮಿನವರು ಗೊಣಗ್ತಾರೆ. ಸ್ಲೈಡನ್ನೇ ಎರಡು ಮಾಡಿ ಅಂದಿದ್ದೀನಿ.