ಐದು ಆಸನ, ಆರು ಮಂದಿ

ದೊಡ್ಡದು ಎಂಬ ಮಾತಿಗೆ ನಮ್ಮ ನುಡಿಯಲ್ಲಿ ಮೊದಲಿನಿಂದಲೂ ಗೌರವ. ವಯಸ್ಸಿನಲ್ಲಿ ಹಿರಿಯರಾದವರು ‘ದೊಡ್ಡವರು’. ತಪ್ಪನ್ನು ಮನ್ನಿಸುವವನದು ‘ದೊಡ್ಡ ಮನಸ್ಸು’. ಬಂದವರಿಗೆಲ್ಲ ಎಲೆ ಹಾಕುವ ಮನೆ ‘ದೊಡ್ಡ ಮನೆ’. ಸಣ್ಣದಕ್ಕೆ ಆ ಭಾಗ್ಯವಿಲ್ಲ. ಸಣ್ಣ ಬುದ್ಧಿ, ಸಣ್ಣತನ ಎಂಬವು ಬೈಗುಳಗಳೇ ಆಗಿ ನಿಂತುಬಿಟ್ಟಿವೆ. ಮನುಷ್ಯರ ಗುಣವನ್ನು ಅಳೆಯಲು ಹುಟ್ಟಿದ ಈ ಮಾತುಗಳು ಕ್ರಮೇಣ ಅವರು ಕೊಳ್ಳುವ ಸಾಮಾನಿಗೂ ಅಂಟಿಕೊಂಡದ್ದರಿಂದ ಒಂದು ಫಜೀತಿ ಹುಟ್ಟಿದೆ. ದೊಡ್ಡ ಕಾರು ಕೊಂಡವನು ಸಂಸಾರವನ್ನು ಚೆನ್ನಾಗಿ ನೋಡಿಕೊಳ್ಳುವವನು. ಸಣ್ಣ ಕಾರು ಕೊಂಡವನು ಜುಗ್ಗ. ಒಂದೇ ಮಗುವಿನ ತಂದೆಯಾದರೆ ಜನ ಹೇಗೋ ಸುಮ್ಮನಾದಾರು. ಮೂರು ಮಕ್ಕಳ ತಂದೆ ಸಣ್ಣ ಕಾರಿನ ಮಾತೆತ್ತಿದನೆಂದರೆ, ಮಕ್ಕಳ ಹೊಟ್ಟೆಗೆ ಕಡಿಮೆ ಹಾಕುತ್ತಾನೇನೋ ಎಂಬಂತೆ ನೋಡುತ್ತಾರೆ.

ನಾನು ಅಂಥ ಮೂರು ಮಕ್ಕಳ ತಂದೆ. ಹಿರಿಯವಳಿಗೆ ಹದಿಮೂರು, ನಡುವಿನವಳಿಗೆ ಹತ್ತು, ಕಿರಿಯವನಿಗೆ ಆರು. ನಾವು ದಂಪತಿಗಳಲ್ಲದೆ ನನ್ನ ತಾಯಿಯೂ ಮನೆಯಲ್ಲಿದ್ದಾರೆ. ಬೆಂಗಳೂರಿನಲ್ಲಿ ವಾಸ. ಹಳೆಯ ಕಾರಿಗೆ ಆಯುಸ್ಸು ತೀರಿ ಹೊಸದೊಂದನ್ನು ಕೊಳ್ಳಬೇಕಾಗಿ ಬಂದಾಗ ಮನೆಯಲ್ಲಿ ಎರಡು ಪಕ್ಷಗಳಾದವು. ಐದು ಜನ ಕೂರುವ, ಪೆಟ್ರೋಲು ಕಡಿಮೆ ಕುಡಿಯುವ ಸಣ್ಣ ಗಾಡಿ ಸಾಕೆಂಬುದು ನನ್ನ ಪಕ್ಷ. ಆರು ಜನರ ಮನೆಗೆ ಐದು ಆಸನದ ಕಾರು ತರುವುದು ಯಾವ ಲೆಕ್ಕವೆಂಬುದು ನನ್ನಾಕೆಯ ಪಕ್ಷ. ಕೇವಲ ಹಣದ ಪ್ರಶ್ನೆಯೆಂದು ಶುರುವಾದ ಈ ಚರ್ಚೆ ಹೋಗುತ್ತ ಹೋಗುತ್ತ ಧರ್ಮದ ಪ್ರಶ್ನೆಯಾಯಿತು. ಅದನ್ನೇ ಇಲ್ಲಿ ಬಿಡಿಸಿ ನೋಡಬೇಕೆಂದು ನನ್ನ ಆಸೆ.

ಮೊದಲು ಲೆಕ್ಕ. ವರ್ಷಕ್ಕೆ ಹನ್ನೆರಡು ಸಾವಿರ ಕಿಲೋಮೀಟರು ಓಡಾಡುವ ಮನೆ ನಮ್ಮದು. ಲೀಟರಿಗೆ 20 ಕಿ.ಮೀ. ಕೊಡುವ ಗಾಡಿಗೆ 600 ಲೀಟರು ಸಾಕು. ಲೀಟರಿಗೆ 12 ಕೊಡುವ ಗಾಡಿಗೆ 1,000 ಲೀಟರು ಬೇಕು. ವ್ಯತ್ಯಾಸ 400 ಲೀಟರು. ಲೀಟರಿಗೆ ನೂರು ರೂಪಾಯಿ ಎಂದು ಹಿಡಿದರೆ ನಲವತ್ತು ಸಾವಿರ. ಇದು ಜೇಬಿನ ಲೆಕ್ಕ. ಇನ್ನೊಂದು ಲೆಕ್ಕವಿದೆ. ಒಂದು ಲೀಟರು ಪೆಟ್ರೋಲು ಉರಿದರೆ ಸುಮಾರು 2.3 ಕಿಲೋ ಇಂಗಾಲದ ಡೈಆಕ್ಸೈಡು ಹೊರಬೀಳುತ್ತದೆ. ಮುಕ್ಕಾಲು ಕಿಲೋ ತೂಗುವ ಎಣ್ಣೆಯಿಂದ ಎರಡು ಕಿಲೋಗೆ ಮಿಕ್ಕ ಅನಿಲ ಹೇಗೆ ಬಂತೆಂದು ನಡುವಿನವಳು ಕೇಳಿದಳು. ಗಾಳಿಯ ಆಮ್ಲಜನಕವೂ ಅದಕ್ಕೆ ಕೂಡಿಕೊಳ್ಳುವುದೇ ಕಾರಣ. ಆ 400 ಲೀಟರು ಉಳಿದರೆ ವರ್ಷಕ್ಕೆ 900 ಕಿಲೋಗೂ ಹೆಚ್ಚು ಅನಿಲ ಉಳಿಯಿತು. ಇದರಲ್ಲಿ ಒಂದು ಪಾಲು ನೂರಾರು ವರ್ಷ ಆಕಾಶದಲ್ಲಿಯೇ ಇರುತ್ತದೆ. ಮಕ್ಕಳ ಸುಖಕ್ಕೆಂದು ಕೊಂಡ ಗಾಡಿಯ ಹೊಗೆಯಲ್ಲಿ ಆ ಮಕ್ಕಳೇ ಮುಪ್ಪಾಗುತ್ತಾರೆ. ಅವರ ಮೊಮ್ಮಕ್ಕಳೂ ಅದರಲ್ಲಿಯೇ ಹುಟ್ಟುತ್ತಾರೆ. ತಂದೆಯ ಸಾಲ ಮಕ್ಕಳಿಗೆ ಬರುವುದನ್ನು ನಾವು ಕಂಡಿದ್ದೇವೆ. ಪತ್ರವಿಲ್ಲದೆ, ಸಾಕ್ಷಿಯಿಲ್ಲದೆ, ಇನ್ನೂ ಹುಟ್ಟದವರ ಹೆಸರಿನಲ್ಲಿ ಮಾಡುವ ಸಾಲ ಇದು.

ಸಣ್ಣ ಕಾರೆಂದರೆ ದರಿದ್ರ ಕಾರು ಎಂದು ತಿಳಿಯಬೇಕಾಗಿಲ್ಲ. 1956ರಲ್ಲಿ ಸೂಯೆಜ್ ಕಾಲುವೆಯ ವಿಷಯದಲ್ಲಿ ಯುದ್ಧವಾಗಿ ಬ್ರಿಟನ್ನಿನಲ್ಲಿ ಪೆಟ್ರೋಲಿಗೆ ಪಡಿತರ ಬಂತು. ಆ ಇಕ್ಕಟ್ಟಿನಿಂದ ಹುಟ್ಟಿದ್ದೇ 1959ರ ‘ಮಿನಿ’ ಕಾರು. ಉದ್ದ ಕೇವಲ ಹತ್ತು ಅಡಿ. ನಾಲ್ವರು ದೊಡ್ಡವರು ಕೂರಬೇಕು. ಅದನ್ನು ರೂಪಿಸಿದ ಅಲೆಕ್ ಇಸಿಗೋನಿಸ್ ಎಂಜಿನ್ನನ್ನು ಅಡ್ಡಲಾಗಿ ತಿರುಗಿಸಿಟ್ಟು, ಚಕ್ರಗಳನ್ನು ಕಿರಿದು ಮಾಡಿ, ಕಾರಿನ ನೆಲದಲ್ಲಿ ಹತ್ತರಲ್ಲಿ ಎಂಟು ಪಾಲನ್ನು ಮನುಷ್ಯರಿಗೂ ಅವರ ಗಂಟುಮೂಟೆಗೂ ಬಿಟ್ಟುಕೊಟ್ಟ. ಯಂತ್ರ ಸರಿದು ಮನುಷ್ಯನಿಗೆ ಜಾಗ ಮಾಡಿಕೊಟ್ಟಿತು. ನಮ್ಮಲ್ಲಿ 1983ರಲ್ಲಿ ಬಂದ ಮಾರುತಿ 800 ಎಂಟುನೂರು ಸಿ.ಸಿ.ಯೂ ತುಂಬದ ಎಂಜಿನ್ನಿನಲ್ಲಿ ಎಷ್ಟು ಸಂಸಾರಗಳನ್ನು ತಿರುಪತಿಗೂ ಧರ್ಮಸ್ಥಳಕ್ಕೂ ಮುಟ್ಟಿಸಲಿಲ್ಲ! 2001ರಲ್ಲಿ ನಮ್ಮ ಬೆಂಗಳೂರಿನಲ್ಲಿಯೇ ತಯಾರಾದ ‘ರೇವಾ’ ವಿದ್ಯುತ್ ಕಾರು ಇನ್ನೂ ಸಣ್ಣದು: ಮುಂದೆ ಇಬ್ಬರು ದೊಡ್ಡವರು, ಹಿಂದೆ ಇಬ್ಬರು ಮಕ್ಕಳು. ಮೂರನೆಯ ಮಗುವಿನ ವಿಷಯದಲ್ಲಿ ಮಾತ್ರ ಅದು ಮೌನ ವಹಿಸಿತ್ತು.

ಇದಿಷ್ಟು ಒಂದು ಪಕ್ಷ. ಇದನ್ನು ಕೇಳಿದ ಗೆಳೆಯರೊಬ್ಬರು ನಕ್ಕರು. “ಅಲ್ಲ ಮಹರಾಯ, ರಸ್ತೆಯ ಮೇಲೆ ಎಂಥೆಂಥ ಗಾಡಿಗಳು ನುಗ್ಗುತ್ತಿವೆ, ಕಣ್ಣಿಗೆ ಕಾಣೋದಿಲ್ಲವೆ? ನಿನ್ನ ಆಕಾಶದ ಲೆಕ್ಕ ಹಾಗಿರಲಿ. ನಾಳೆ ಏನಾದರೂ ಆದರೆ ಮಕ್ಕಳ ಮೈಗೆ ಕಾವಲು ಯಾವುದು? ತೂಕದ ಗಾಡಿ ತೊಗೊ” ಎಂದರು. ಇದು ಸುಲಭವಾಗಿ ತಳ್ಳಿಹಾಕುವ ಮಾತಲ್ಲ. ಮಕ್ಕಳ ಪ್ರಾಣದ ಮಾತು ಬಂದಾಗ ಯಾವ ತಂದೆಗೂ ತತ್ತ್ವ ನೆನಪಿಗೆ ಬರುವುದಿಲ್ಲ.

ಆದರೂ ಆ ಮಾತಿನ ಹಿಂಬದಿಯನ್ನು ನೋಡಬೇಕು. ಸಾವಿರ ಕಿಲೋ ತೂಕದ ಕಾರೂ ಎರಡು ಸಾವಿರ ಕಿಲೋ ತೂಕದ ಕಾರೂ ಎದುರುಬದುರಾಗಿ ಗುದ್ದಿದವೆನ್ನಿ. ಆ ಗಳಿಗೆಯಲ್ಲಿ ಹಗುರ ಕಾರಿನ ವೇಗ ಎಷ್ಟು ಬದಲಾಗುತ್ತದೆಯೋ ಭಾರದ ಕಾರಿನದು ಅದರ ಅರ್ಧ ಮಾತ್ರ ಬದಲಾಗುತ್ತದೆ. ಒಳಗಿರುವವರ ಮೈಗೆ ತಾಗುವ ಪೆಟ್ಟು ಬಹುಮಟ್ಟಿಗೆ ಈ ಬದಲಾವಣೆಯನ್ನೇ ಹೊಂದಿಕೊಂಡದ್ದು. ಎಂದರೆ, ಭಾರದ ಗಾಡಿ ಪೆಟ್ಟನ್ನು ಇಲ್ಲವಾಗಿಸುವುದಿಲ್ಲ; ಅದರ ದೊಡ್ಡ ಪಾಲನ್ನು ಎದುರಿನವರಿಗೆ ಬಡಿಸುತ್ತದೆ. ಆ ಎದುರಿನ ಕಾರಿನಲ್ಲಿಯೂ ಮಕ್ಕಳಿರಬಹುದು. ನಮ್ಮ ದೇಶದಲ್ಲಿ ಎದುರಿಗೆ ಬರುವುದು ಬಹಳ ಸಲ ಕಾರೂ ಅಲ್ಲ. 2022ರಲ್ಲಿ ಭಾರತದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ ಸುಮಾರು 75 ಸಾವಿರ ಜನ ದ್ವಿಚಕ್ರ ವಾಹನದವರು, ಸುಮಾರು 33 ಸಾವಿರ ಜನ ಬರಿಗಾಲಿನಲ್ಲಿಯೋ ಚಪ್ಪಲಿಯಲ್ಲಿಯೋ ನಡೆದು ಹೋಗುತ್ತಿದ್ದವರು. ಅವರಿಗೆ ತೂಕ ಕೊಂಡುಕೊಳ್ಳುವ ಅನುಕೂಲವಿಲ್ಲ. ನಾನು ಇನ್ನೊಂದು ಸಾವಿರ ಕಿಲೋ ಕಬ್ಬಿಣ ಕೊಂಡು ನನ್ನ ಮಕ್ಕಳನ್ನು ಕಾಯ್ದರೆ, ಆ ಕಾವಲಿನ ಕಂದಾಯವನ್ನು ಕಟ್ಟುವವರು ಅವರು.

ಹಾಗೆಂದು ಮಕ್ಕಳನ್ನು ತಗಡಿನ ಡಬ್ಬಿಯಲ್ಲಿ ತುಂಬಿಕೊಂಡು ಹೋಗಿ ಲೋಕೋಪಕಾರ ಮಾಡಿದೆನೆನ್ನುವುದೂ ಸಲ್ಲದು. ಒಬ್ಬೊಬ್ಬ ಮಗುವಿಗೆ ಒಂದೊಂದು ಆಸನ, ಒಂದೊಂದು ಬೆಲ್ಟು. ಕಿರಿಯವನಿಗೆ ಅವನ ಎತ್ತರಕ್ಕೆ ತಕ್ಕ ಪೀಠ: ಇದರಲ್ಲಿ ಮಿತವ್ಯಯವಿಲ್ಲ. 2019ರಲ್ಲಿ ತಿದ್ದುಪಡಿಯಾದ ಮೋಟಾರು ಕಾಯಿದೆಯೂ ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ಬೆಲ್ಟಿಲ್ಲದೆ ಕರೆದೊಯ್ದರೆ ಸಾವಿರ ರೂಪಾಯಿ ದಂಡ ಹೇಳುತ್ತದೆ. 2023ರ ಅಕ್ಟೋಬರಿನಿಂದ ನಮ್ಮ ದೇಶದಲ್ಲಿಯೇ ಕಾರುಗಳನ್ನು ಗುದ್ದಿಸಿ ಪರೀಕ್ಷಿಸಿ, ದೊಡ್ಡವರ ರಕ್ಷಣೆಗೆ ಬೇರೆ, ಮಕ್ಕಳ ರಕ್ಷಣೆಗೆ ಬೇರೆ ನಕ್ಷತ್ರಗಳನ್ನು ಕೊಡುವ ಪದ್ಧತಿ ಬಂದಿದೆ. ಅಂಗಡಿಯಲ್ಲಿ ತೂಕವನ್ನು ಕೇಳುವ ಬದಲು ಆ ನಕ್ಷತ್ರವನ್ನು ಕೇಳಬಹುದು. ಸಣ್ಣ ಕಾರಿಗೂ ಒಳ್ಳೆಯ ನಕ್ಷತ್ರ ಬರುವುದುಂಟು. ಅದರಿಂದ ಬರುವ ರಕ್ಷಣೆ ಬೇರೆಯವರಿಂದ ಕಿತ್ತದ್ದಲ್ಲ.

ಇಲ್ಲಿಗೆ ನನ್ನ ಪಕ್ಷವೇ ಗೆದ್ದಿತೆಂದು ತೋರಬಹುದು. ಆದರೆ ನನ್ನಾಕೆಯ ಪ್ರಶ್ನೆಗೆ ಇನ್ನೂ ಉತ್ತರ ಸಿಕ್ಕಿಲ್ಲ. ಅವಳು ಕೇಳಿದ್ದು ಇಷ್ಟೇ: “ಎಲ್ಲಾ ಸರಿ. ಅತ್ತೆ ಎಲ್ಲಿ ಕೂತ್ಕೋಬೇಕು?”

ಅದಕ್ಕೆ ಉತ್ತರ ನನ್ನ ತಾಯಿಯಿಂದಲೇ ಬಂತು. “ನಾನು ಮನೇಲಿರ್ತೀನಿ ಬಿಡಪ್ಪ, ಈ ವಯಸ್ಸಿನಲ್ಲಿ ನನಗ್ಯಾಕೆ ತಿರುಗಾಟ? ನೀವು ಹೋಗಿ ಬನ್ನಿ.” ಈ ಮಾತನ್ನು ಕೇಳದ ಮನೆ ನಮ್ಮ ನಾಡಿನಲ್ಲಿ ಯಾವುದಿದೆ? ಇದನ್ನು ನಂಬುವುದು ಎಲ್ಲರಿಗೂ ಅನುಕೂಲ. ಆದ್ದರಿಂದಲೇ ಎಲ್ಲರೂ ನಂಬುತ್ತಾರೆ. ಮಾಡಿದ ಹುಳಿ ಸಾಲದಾದಾಗ ಮನೆಯ ಹೆಂಗಸಿಗೆ ಇದ್ದಕ್ಕಿದ್ದ ಹಾಗೆ ಮಜ್ಜಿಗೆಯೇ ಸಾಕೆನ್ನಿಸುತ್ತದೆ. ಕೋಣೆ ಕಡಿಮೆಯಾದಾಗ ಮುದುಕರಿಗೆ ನಡುಮನೆಯ ಗಾಳಿಯೇ ಹಿತವಾಗುತ್ತದೆ. ಮನೆಯ ಯಜಮಾನ ಸರಳ ಜೀವನದ ವ್ರತ ತೊಟ್ಟರೆ ಅದರ ಉಪವಾಸ ಮಾಡುವವರು ಅನೇಕ ವೇಳೆ ಬೇರೆಯವರು.

ಇಲ್ಲಿಯೇ ಈ ಪ್ರಶ್ನೆಯ ಬೇರು ಇರುವುದೆಂದು ನನಗೆ ತೋರುತ್ತದೆ. ದೊಡ್ಡ ಕಾರನ್ನು ನಾನು ಬೇಡವೆಂದದ್ದು ಅದರ ಬೆಲೆಯಲ್ಲಿ ಒಂದು ಭಾಗವನ್ನು ದಾರಿಹೋಕರೂ ಮುಂದೆ ಹುಟ್ಟುವವರೂ ತೆರಬೇಕೆಂಬ ಕಾರಣದಿಂದ. ಸಣ್ಣ ಕಾರಿನ ಬೆಲೆಯನ್ನು ನನ್ನ ತಾಯಿ ತೆರುವುದಾದರೆ ನನ್ನ ವಾದಕ್ಕೆ ಅರ್ಥವೇ ಉಳಿಯುವುದಿಲ್ಲ. ಆಗ ನಾನು ಮಾಡಿದ್ದು ಸಂಯಮವಲ್ಲ. ಖರ್ಚನ್ನು ಒಬ್ಬರ ಲೆಕ್ಕದಿಂದ ಇನ್ನೊಬ್ಬರ ಲೆಕ್ಕಕ್ಕೆ ಬರೆದದ್ದು. ಹಿರಿದೋ ಕಿರಿದೋ ಎಂದು ಕೇಳುವುದಕ್ಕೆ ಮೊದಲು, ಇದರ ಬೆಲೆಯನ್ನು ಕೊಡುವವರು ಯಾರು ಎಂದು ಕೇಳಬೇಕು. ಎರಡು ಕಡೆಗೂ ಒಂದೇ ತಕ್ಕಡಿ.

ನಾಲ್ಕು ಮೀಟರು ಉದ್ದದೊಳಗೇ ಮೂರು ಸಾಲು ಆಸನಗಳಿರುವ ಕಾರುಗಳು ಬಂದಿಲ್ಲವೆ ಎಂದು ಓದುಗರು ಕೇಳಬಹುದು. ಬಂದಿವೆ. ಆರೇಳು ಜನ ದಿನವೂ ಒಟ್ಟಿಗೆ ಹೊರಡುವ ಮನೆಗೆ ಅದೇ ಸರಿ. ತುಂಬಿ ಓಡುವ ಕಾರನ್ನು ನಾನು ದೂರುವುದಿಲ್ಲ. ಲೀಟರಿಗೆ 12 ಕಿ.ಮೀ. ಓಡುವ ದೊಡ್ಡ ಗಾಡಿಯಲ್ಲಿ ಏಳು ಜನ ಕುಳಿತರೆ, ತಲಾ ಲೆಕ್ಕದಲ್ಲಿ ಅದು ಒಬ್ಬನೇ ಕುಳಿತ ಸಣ್ಣ ಕಾರಿಗಿಂತ ನಾಲ್ಕು ಪಾಲು ಮೇಲು. ಸರಕಾರ 2025ರ ಸೆಪ್ಟೆಂಬರಿನಲ್ಲಿ ಸಣ್ಣ ಕಾರಿಗೆ ಶೇಕಡ 18, ದೊಡ್ಡದಕ್ಕೆ 40 ಎಂದು ತೆರಿಗೆ ಗೊತ್ತುಮಾಡಿದಾಗ ಅಳೆದದ್ದು ಕಾರಿನ ಉದ್ದವನ್ನು, ಎಂಜಿನ್ನಿನ ಗಾತ್ರವನ್ನು. ಒಳಗೆ ಎಷ್ಟು ಜನ ಕುಳಿತಿದ್ದಾರೆಂದು ನೋಡುವ ಕೆಲಸ ನಮ್ಮದು. ನಮ್ಮ ಮನೆಯಲ್ಲಿ ಆರು ಮಂದಿ ಒಟ್ಟಿಗೆ ಹೊರಡುವುದು ವರ್ಷಕ್ಕೆ ಏಳೆಂಟು ದಿನ. ಆ ಪುಟ್ಟ ಕಾರುಗಳ ಮೂರನೆಯ ಸಾಲು ಹಿಂಬಾಗಿಲಿಗೆ ಅಂಟಿಕೊಂಡಂತಿರುತ್ತದೆ. ಅಲ್ಲಿಗೆ ಹತ್ತಿ ಕೂರುವುದು ನನ್ನ ತಾಯಿಗೆ ಆಗದು. ಮಕ್ಕಳನ್ನು ಅಲ್ಲಿ ಕೂರಿಸಲು ಅವರ ತಾಯಿಗೆ ಮನಸ್ಸಿಲ್ಲ. ಏಳೆಂಟು ದಿನದ ಅಗತ್ಯಕ್ಕಾಗಿ ಉಳಿದ ದಿನವೆಲ್ಲ ಬರಿದಾದ ಆಸನಗಳನ್ನು ಊರೆಲ್ಲ ಮೆರವಣಿಗೆ ಮಾಡಿಸುವುದೂ ವಿವೇಕವೆನಿಸದು. ಮದುವೆಗೆ ಬೇಕಾದ ಹಂಡೆಯನ್ನು ನಾವು ದಿನದ ಅಡಿಗೆಗೆ ಒಲೆಯ ಮೇಲಿಡುವುದಿಲ್ಲ. ಬೇಕಾದಾಗ ಬಾಡಿಗೆಗೆ ತರುತ್ತೇವೆ.

ಕಡೆಗೆ ನಾವು ಒಪ್ಪಿಕೊಂಡದ್ದು ಹೀಗೆ. ಕಾರು ಸಣ್ಣದು. ದೂರದ ಊರಿಗೆ ಎಲ್ಲರೂ ಹೊರಟರೆ ದೊಡ್ಡ ಗಾಡಿಯನ್ನು ಬಾಡಿಗೆಗೆ ಗೊತ್ತುಮಾಡುವುದು. ಊರೊಳಗೋ ಮೈಸೂರಿನಷ್ಟು ಹತ್ತಿರಕ್ಕೋ ಆದರೆ ಅಜ್ಜಿಗೆ ಮುಂದಿನ ಆಸನ, ಹಿಂದೆ ಮೂವರು ಮಕ್ಕಳು. ಕಾರು ನಡೆಸುವುದು ನನಗಿಂತ ನನ್ನಾಕೆಗೇ ಚೆನ್ನಾಗಿ ಬರುತ್ತದೆ. ಆರನೆಯವನು ನಾನು. ನನಗೆ ಬಸ್ಸಿದೆ, ರೈಲಿದೆ. ಸಣ್ಣ ಕಾರೇ ಬೇಕೆಂದು ಹಟ ಹಿಡಿದವನು ನಾನಾದ್ದರಿಂದ ಅದರಲ್ಲಿ ಸ್ಥಳ ಸಾಲದೆ ಹೋದರೆ ಇಳಿಯಬೇಕಾದವನೂ ನಾನೇ. ಇದನ್ನು ಕೇಳಿ ಕಿರಿಯವನು ತನಗೂ ರೈಲೇ ಬೇಕೆಂದು ಅಳಲು ತೊಡಗಿದ. ಹಿರಿಯವಳು ಸರದಿಯ ಪಟ್ಟಿ ಬರೆದಿದ್ದಾಳೆ. ಆದಕಾರಣ ನನ್ನದನ್ನು ತ್ಯಾಗವೆಂದು ಕರೆದುಕೊಳ್ಳುವ ಅವಕಾಶವೂ ತಪ್ಪಿಹೋಯಿತು.

ಈ ನಿರ್ಣಯದಲ್ಲಿಯೂ ಒಂದು ಹಳ್ಳವಿದೆ. ಅದನ್ನು 1865ರಷ್ಟು ಹಿಂದೆಯೇ ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ವಿಲಿಯಂ ಸ್ಟಾನ್ಲಿ ಜೆವನ್ಸ್ ತೋರಿಸಿಕೊಟ್ಟಿದ್ದಾನೆ. ಕಲ್ಲಿದ್ದಲನ್ನು ಕಡಿಮೆ ಉರಿಸುವ ಉಗಿಯಂತ್ರಗಳು ಬಂದ ಮೇಲೆ ದೇಶದಲ್ಲಿ ಕಲ್ಲಿದ್ದಲಿನ ಖರ್ಚು ಇಳಿಯಲಿಲ್ಲ, ಏರಿತು. ಅಗ್ಗವಾಯಿತೆಂದು ಎಲ್ಲರೂ ಯಂತ್ರ ಹೂಡಿದರು. ಲೀಟರಿಗೆ ಇಪ್ಪತ್ತು ಕೊಡುವ ಕಾರು ಬಾಗಿಲಲ್ಲಿದ್ದರೆ ಕೊತ್ತಂಬರಿ ಸೊಪ್ಪಿಗೂ ಅದನ್ನೇ ಹೊರಡಿಸುವ ಚಪಲ ಹುಟ್ಟುತ್ತದೆ. ಆಗ ಉಳಿತಾಯವೆಲ್ಲ ಓಡಾಟದಲ್ಲಿ ಕರಗಿತು. ನೋಂದಾಯಿತ ವಾಹನಗಳು ಒಂದು ಕೋಟಿಯನ್ನು ದಾಟಿದ ಬೆಂಗಳೂರಿನಲ್ಲಿ ಕಾರು ಸಣ್ಣದಾದರೆ ಸಾಲದು, ಮನೆಯಲ್ಲಿ ನಿಂತಿರುವುದನ್ನೂ ಕಲಿಯಬೇಕು. ಎಂಥ ಸಣ್ಣ ಕಾರೂ ಒಬ್ಬನನ್ನೇ ಹೊತ್ತು ಹೊರಟರೆ ತುಂಬಿದ ಬಸ್ಸಿನ ಮುಂದೆ ದುಂದುಗಾರನೇ.

ಒಂದು ಮನೆಯ ನಾನೂರು ಲೀಟರಿನಿಂದ ಲೋಕ ತಂಪಾಗುತ್ತದೆಂದು ನಾನು ನಂಬಿಲ್ಲ. ಭಾರತ ತನಗೆ ಬೇಕಾದ ಕಚ್ಚಾತೈಲದಲ್ಲಿ ಶೇಕಡ 85ಕ್ಕೂ ಹೆಚ್ಚನ್ನು ಹೊರಗಿನಿಂದ ತರಿಸುತ್ತದೆ. ಆ ಸಮುದ್ರದಲ್ಲಿ ನಮ್ಮದು ಒಂದು ಉದ್ಧರಣೆ ನೀರು. ಆದರೆ ಒಬ್ಬರ ಪಾಲನ್ನು ಅವರಿಗೆ ಬಿಟ್ಟುಕೊಡುವುದಕ್ಕೆ, ಅದರಿಂದ ಲೋಕವೆಲ್ಲ ಉದ್ಧಾರವಾಗಲೇಬೇಕೆಂಬ ಷರತ್ತು ಎಲ್ಲಿದೆ? ಪಂಕ್ತಿಯಲ್ಲಿ ಕುಳಿತವನು ತನ್ನ ಎಲೆಯಿಂದಾಚೆಗೆ ಕೈ ಚಾಚದಿರುವುದು ಹಸಿವಿನ ಸಮಸ್ಯೆಯನ್ನು ಬಗೆಹರಿಸುವುದಕ್ಕಲ್ಲ. ಪಕ್ಕದ ಎಲೆಯ ಮುಂದೆ ಇನ್ನೊಬ್ಬರು ಕುಳಿತಿದ್ದಾರೆ, ಅಷ್ಟೇ. ಪಕ್ಕದವರು ಯಾರು, ಪಂಕ್ತಿ ಎಷ್ಟು ಉದ್ದವಾಗಿದೆ ಎಂಬುದನ್ನು ಕಾಣುವ ದೃಷ್ಟಿ ನಮಗಿದ್ದರೆ, ‘ದೊಡ್ಡವರು’ ಎಂಬ ಮಾತು ಕಾರಿನಿಂದ ಇಳಿದು ಮತ್ತೆ ಮನುಷ್ಯರಿಗೇ ಸಲ್ಲಬಹುದು.